ಶಿವಲಕ್ಷ್ಮಿಯ ಹನ್ನೊಂದು ಹೆಜ್ಜೆ

"ಅದನ್ನ ಕೊಡ್ರಿ ಮೇಡಂ. ಕಾಲಿಗಿ ಕಟ್ಟಿ ಕಳಸ್ತೀನಿ," ಎಂದ ದಶರಥ.

ತಾಂಡೂರಿನ ದವಾಖಾನೆಯ ಹಿಂಬದಿ, ಶವಾಗಾರದ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಅವನು ಕೂತಿದ್ದ. ಬೆಳಿಗ್ಗೆ ಎಂಟು ಗಂಟೆಯೂ ಆಗಿರಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಮಹಾನಂದಾಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದ ಮೇಲೆಯೇ ಅವನ ಕಣ್ಣು. ಚೀಲದೊಳಗೆ ಅವನ ತಂಗಿ ಭಾಗ್ಯಳ ಕ್ಯಾಲಿಪರ್ ಇತ್ತು. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಕಬ್ಬಿಣದ ಸರಳು, ನಾಲ್ಕು ಚರ್ಮದ ಪಟ್ಟಿ, ತುದಿಗೆ ಸವೆದ ಕಪ್ಪು ಬೂಟು.

ಶುಕ್ರವಾರದಿಂದ ತಂಗಿ ಕಾಣೆಯಾಗಿದ್ದಾಳೆಂದು ದಶರಥ ನಾರಾಯಣಖೇಡದಲ್ಲಿ ಮಹಾನಂದಾಳ ಠಾಣೆಗೆ ದೂರು ಕೊಟ್ಟಿದ್ದ. ಭಾಗ್ಯ ನಿನ್ನೆ, ಭಾನುವಾರ ಮಧ್ಯಾಹ್ನ, ತಾಂಡೂರಿನ ಹೊರಗಿನ ಹಾಳು ಕಲ್ಲುಖಣಿಯ ನೀರಿನಲ್ಲಿ ಸಿಕ್ಕಿದ್ದಳು.

"ಕೇಸಿನ ಸಾಮಾನು ಅದ ದಶರಥಣ್ಣ. ಕೊಡಾಕ ಬರಾಂಗಿಲ್ಲ."

"ಬೆಂಕಿ ಇಡೋಕಿಂತ ಮೊದಲು ಬಿಚ್ಚಿ ವಾಪಸ್ ಕೊಡ್ತೀನ್ರಿ. ಒಂದು ಗಳಿಗಿ ಸಾಕು. ಅದಿಲ್ದ ಆಕಿ ನಾಕ ಹೆಜ್ಜಿ ಹಾಕಾಂಗಿಲ್ಲ. ಅಷ್ಟು ದೂರ ಹ್ಯಾಂಗ ಹೋಗ್ತಾಳ?"

ಯಾವ ದೂರ ಎಂದು ಮಹಾನಂದಾ ಕೇಳಲಿಲ್ಲ. ಕೇಳಬಾರದಿತ್ತು ಕೂಡ. ಆದರೆ ಅವನು ಅದಕ್ಕೂ ಮೊದಲು ಆಡಿದ ಮಾತು ಅವಳ ತಲೆಯಲ್ಲಿ ಸಿಕ್ಕಿಕೊಂಡಿತು.

"ನಾಕ ಹೆಜ್ಜಿನೂ ಹಾಕಾಂಗಿಲ್ಲಾ?"

"ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಆತ್ರಿ. ಎಡಗಾಲಾಗ ಜೀವನೇ ಇಲ್ಲ. ಮೊಣಕಾಲಿನ ಲಾಕ್ ಬಿದ್ರಷ್ಟೇ ನಿಂದ್ರತಿತ್ತು. ಮನ್ಯಾಗ ಬಿಚ್ಚಿಟ್ರ ಗ್ವಾಡಿ ಹಿಡಕೊಂಡು ಬಚ್ಚಲ ತನಕ ಹೋಗಾಕಿ. ಗ್ವಾಡಿ ಇಲ್ಲದಲ್ಲಿ ಕುಂತೇ ಸರೀಬೇಕು."

ಅವನು ತನ್ನ ಎರಡೂ ಅಂಗೈಯನ್ನು ತೊಡೆಯ ಮೇಲೆ ಒರೆಸಿಕೊಂಡ. ಕಂಗ್ಟಿಯ ಹತ್ತಿರ ಮೂರು ಎಕರೆಯಲ್ಲಿ ಜೋಳ, ತೊಗರಿ ಬೆಳೆಯುವ ಮನುಷ್ಯ. ತಂಗಿಯನ್ನು ಏಳನೆಯ ಇಯತ್ತೆಯವರೆಗೆ ಹೆಗಲ ಮೇಲೆ ಶಾಲೆಗೆ ಹೊತ್ತವನು. ಅವಳು ಜಹೀರಾಬಾದಿನ ನವಪಾದ ಟ್ರಸ್ಟಿನಲ್ಲಿ ಕೆಲಸಕ್ಕೆ ಸೇರಿ, ಊರೂರು ತಿರುಗಿ ಅಂಗವಿಕಲ ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಟೀಚರಮ್ಮ ಆದಾಗ ಊರಿಗೆಲ್ಲ ಪೇಢೆ ಹಂಚಿದ್ದ.

ಮಹಾನಂದಾ ಇನ್ನೊಂದು ಚೀಲದಿಂದ ಒಂದು ಹಾಳೆ ತೆಗೆದಳು. ಭಾಗ್ಯಳ ಬಟ್ಟೆಯ ಬ್ಯಾಗು ಕ್ಯಾಲಿಪರ್ ಪಕ್ಕದಲ್ಲೇ ಸಿಕ್ಕಿತ್ತು. ಅದರಲ್ಲಿ ಇದ್ದದ್ದು ಇದೊಂದೇ ಕಾಗದ.

"ಇದು ಆಕಿ ಅಕ್ಷರ ಹೌದಾ?"

"ಹೌದ್ರಿ. ಮುತ್ತಿನಂಗ ಬರೀತಿದ್ಲು."

ಮಹಾನಂದಾ ಓದಿದಳು.

"ನಮಸ್ಕಾರ. ನಾನು ಶಿವಲಕ್ಷ್ಮಿ. ನನಗೆ ಈಗ ಏಳು ವರ್ಷ. ಈ ತಿಂಗಳು ಕಂಬಿ ಹಿಡಿದುಕೊಂಡು ಹನ್ನೊಂದು ಹೆಜ್ಜೆ ನಡೆದೆ. ಹನ್ನೆರಡನೆಯದಕ್ಕೆ ಬಿದ್ದೆ. ಅಳಲಿಲ್ಲ. ಶನಿವಾರ ನಮಗೆ ಚುರುಮುರಿ ಸುಸಲಾ ಕೊಡುತ್ತಾರೆ. ನಾನೇ ತಿನ್ನುತ್ತೇನೆ, ಸ್ವಲ್ಪ ಚೆಲ್ಲುತ್ತೇನೆ. ನಮ್ಮ ಅಪ್ಪನ ಕುರಿಗಳ ಹೆಸರು ನನಗೆ ಎಲ್ಲವೂ ಬರುತ್ತವೆ. ನೀವು ನನಗೆ ಸಹಾಯ ಮಾಡಿದ್ದಕ್ಕೆ..."

"ಯಾವ ಶಿವಲಕ್ಷ್ಮಿ?" ದಶರಥ ತಲೆ ಎತ್ತಿದ.

"ನಿಮ್ಮ ಬಾಜೂ ಊರಾಕಿ. ಯಂಕಪ್ಪನ ಮಗಳು ಅಂತ ಬರದಾಳ."

"ತಾರೀಖು ಯಾವುದದ?"

"ಏಪ್ರಿಲ್ ಒಂದು. ಹದಿನೈದು ದಿನದ ಹಿಂದ."

ದಶರಥ ಕಾಗದವನ್ನು ಮುಟ್ಟಲಿಲ್ಲ. ಕಟ್ಟೆಯ ಮೇಲೆ ಒಂದಿಷ್ಟು ಹಿಂದಕ್ಕೆ ಸರಿದ.

"ಆ ಕೂಸು ಸಂಕ್ರಾಂತಿಗಿ ಮುಂಚೇನೇ ತೀರಕೊಂಡದ್ರಿ. ತೆಗ್ಗು ತೋಡಿದವರಾಗ ನಾನೂ ಒಬ್ಬ. ಭಾಗ್ಯಾನೇ ಕೂಸಿನ್ನ ತೊಡಿ ಮ್ಯಾಲ ಇಟಗೊಂಡು ಕುಂತಿದ್ಲು. ಬಿಡಸಾಕ ನಾ ಹೋಗಬೇಕಾತು."

*

ನಿನ್ನೆ ಖಣಿಯಲ್ಲಿ ನಿಂತಾಗ ಎಲ್ಲರಿಗೂ ಒಂದೇ ಅನ್ನಿಸಿತ್ತು, ಮಹಾನಂದಾಳಿಗೂ. ಮನನೊಂದ ಹೆಂಗಸು ಕ್ಯಾಲಿಪರ್ ಬಿಚ್ಚಿಟ್ಟು ನೀರಿಗೆ ಹಾರಿದ್ದಾಳೆ. ಇವತ್ತು ಅದೇ ಜಾಗದಲ್ಲಿ ನಿಂತಾಗ ಹಾಗೆ ಅನ್ನಿಸಲಿಲ್ಲ.

ನಾರಾಯಣಖೇಡದಿಂದ ಅವಳ ಜೀಪು ಓಡಿಸಿಕೊಂಡು ಬಂದ ಕಾನ್‌ಸ್ಟೇಬಲ್ ಬಂಡೆಪ್ಪ ಟೇಪಿನ ಒಂದು ತುದಿ ಹಿಡಿದು ಖಣಿಯ ಅಂಚಿಗೆ ಹೋದ. ಇವಳು ಕ್ಯಾಲಿಪರ್ ಸಿಕ್ಕ ಜಾಗದಲ್ಲಿ ನಿಂತಳು. ನಡುವೆ ಒಡೆದ ಪರ್ಸಿ ಕಲ್ಲಿನ ಚೂರುಗಳು ರಾಶಿರಾಶಿ. ಬಿಸಿಲಿಗೆ ಒಂದೊಂದೂ ಚಾಕುವಿನಂತೆ ಹೊಳೆಯುತ್ತಿತ್ತು. ಐವತ್ತು ದಾಟಿದ ಬಂಡೆಪ್ಪ ಇಲಾಖೆಯ ಬೂಟು ಹಾಕಿಕೊಂಡೂ ಎರಡು ಸಲ ಜಾರಿದ.

"ಇಪ್ಪತ್ತಾರು ಅಡಿ ಮೇಡಂ."

"ಹಿಡಕೊಳ್ಳಾಕ ಏನರ ಅದಾ?"

"ಒಂದು ಗಿಡಾನೂ ಇಲ್ಲ."

"ಕ್ಯಾಲಿಪರ್ ಇಲ್ಲಿ ಬಿಚ್ಚಿಟ್ಟು ಅಲ್ಲಿ ತನಕ ಹ್ಯಾಂಗ ಹೋದ್ಲು?"

ಬಂಡೆಪ್ಪ ನೀರು ನೋಡಿದ, ಕಲ್ಲು ನೋಡಿದ. "ಕುಂತು ಸರದಿರಬೇಕು."

"ಡಾಕ್ಟರ ಬರದಿದ್ದು ಓದೀನಿ. ಅಂಗೈಗಿ ಒಂದು ಗೀರಿಲ್ಲ. ಸೀರಿ ಎಲ್ಲೂ ಹರದಿಲ್ಲ. ಈ ಕಲ್ಲಿನ ಮ್ಯಾಲ ನೀನು ಐದಡಿ ಸರದು ತೋರಸು."

ಬಂಡೆಪ್ಪ ಟೇಪು ಸುತ್ತತೊಡಗಿದ. ಅವನ ಮುಖ ಬಿಗಿದಿತ್ತು. ಅವನ ಮೊಮ್ಮಗನಿಗೂ ಭಾಗ್ಯ ಒಂದು ವರ್ಷ ವ್ಯಾಯಾಮ ಮಾಡಿಸಿದ್ದಳು. ಇದನ್ನು ಅವನು ದಾರಿಯಲ್ಲಿ ಒಮ್ಮೆ ಹೇಳಿದ್ದ.

"ಎತ್ತಿಕೊಂಡು ಹೋಗಿ ಹಾಕ್ಯಾರ ಅನ್ರಿ."

"ಇನ್ನೊಂದು ನೋಡು." ಮಹಾನಂದಾ ಚೀಲ ಎತ್ತಿ ಹಿಡಿದಳು. "ನಾಕೂ ಪಟ್ಟಿ ಬಕಲ್ ಹಾಕಿ ಇಟ್ಟಾರ. ದಿನಾ ಕಟ್ಟಗೊಳ್ಳೋರು ಬಿಚ್ಚಿದ ಮ್ಯಾಲ ಪಟ್ಟಿ ಹಾಂಗೇ ಬಿಡ್ತಾರ. ಮತ್ತ ಕಾಲು ಹಾಕಬೇಕಲ್ಲ. ಬಕಲ್ ಹಾಕಿ ಇಡೋದು ಕಪಾಟಿನ್ಯಾಗ ಇಡೋರ ಪದ್ಧತಿ."

ಕ್ಯಾಲಿಪರ್ ಇಲ್ಲದೆ ಭಾಗ್ಯ ಓಡಲಾರಳು ಎಂದು ಗೊತ್ತಿದ್ದವನೇ ಅದನ್ನು ಮೊದಲು ಬಿಚ್ಚಿಸಿದ್ದಾನೆ. ಅಂದರೆ ಅವಳನ್ನು ಚೆನ್ನಾಗಿ ಬಲ್ಲವನು.

*

ಜಹೀರಾಬಾದಿನಲ್ಲಿ ನವಪಾದ ಟ್ರಸ್ಟಿನ ಕೇಂದ್ರ ತಲುಪಿದಾಗ ಹತ್ತೂವರೆ. ಬಾಡಿಗೆಯ ಎರಡಂತಸ್ತಿನ ಮನೆ. ಕೆಳಗಿನ ಹಾಲಿನಲ್ಲಿ ಹದಿನಾರು ಮಕ್ಕಳಿದ್ದರು. ಒಬ್ಬಳು ಕಂಬಿಗಳ ನಡುವೆ ನಿಂತು ಬೆವರುತ್ತಿದ್ದಳು. ಮೂಲೆಯಲ್ಲಿ ಒಬ್ಬ ಹುಡುಗ ನಡುಗುವ ಬೆರಳಿನಿಂದ ಮಣಿ ಪೋಣಿಸುತ್ತಿದ್ದ. ಮಣಿ ಜಾರುತ್ತಿತ್ತು, ಅವನು ಮತ್ತೆ ಎತ್ತಿಕೊಳ್ಳುತ್ತಿದ್ದ. ಯಾರೂ ಅವಸರ ಮಾಡುತ್ತಿರಲಿಲ್ಲ. ಒಳ್ಳೆಯ ಜಾಗ ಅದು. ಅದನ್ನು ಒಪ್ಪಿಕೊಳ್ಳದೆ ಮಹಾನಂದಾಳಿಗೆ ಮುಂದೆ ಹೋಗಲಾಗಲಿಲ್ಲ.

"ಭಾಗ್ಯ ಟೀಚರ್ ಯಾವಾಗ ಬರ್ತಾರ?" ಕಂಬಿ ಹಿಡಿದವಳು ಬಂಡೆಪ್ಪನನ್ನು ಕೇಳಿದಳು. ಬಂಡೆಪ್ಪ ಹೊರಗೆ ಹೋಗಿ ನಿಂತ.

ಟ್ರಸ್ಟು ನಡೆಸುವ ಜೈಪಾಲ ಎದ್ದು ಕೈಮುಗಿದ. ನಲವತ್ತೈದರ ಸುಮಾರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ದಿನ ನಿದ್ದೆಯಿಲ್ಲದ ಕಣ್ಣು. ಮೇಜಿನ ಮೇಲೆ ಪೆನ್ನುಗಳು ಒಂದೇ ಸಾಲಿನಲ್ಲಿದ್ದವು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ. ಮರದ ಕುರ್ಚಿಯಲ್ಲಿ ಪಟ್ಟಿ ಬಿಗಿದು ಕೂರಿಸಿದ ಹೆಣ್ಣುಮಗು, ಕತ್ತು ಒಂದು ಕಡೆ ವಾಲಿದೆ, ಬಾಯಿತುಂಬ ನಗು.

"ಶಿವಲಕ್ಷ್ಮಿ," ಎಂದ ಅವನು, ಅವಳ ನೋಟ ಹಿಡಿದು. "ಹೊರದೇಶದ ದಾನಿಗಳಿಗೆ ನಾವು ಮೊದಲ ಸಲ ಅರ್ಜಿ ಬರದಾಗ ಈಕಿ ಫೋಟೋ ಹಚ್ಚಿದ್ವಿ. ಅಲ್ಲಿಂದ ಅವರಿಗೆ ಈಕಿನೇ ನಮ್ಮ ಕೇಂದ್ರ. ತಿಂಗಳಾ ಈಕಿ ಸುದ್ದಿ ಬೇಕು ಅವರಿಗಿ. ಈಕಿ ಒಬ್ಬಾಕಿ ಹೆಸರಿನ ಮ್ಯಾಲ ಈ ಹದಿನಾರು ಮಕ್ಕಳು ಉಣ್ಣಾಕತ್ಯಾರ, ನಡೆಯಾಕತ್ಯಾರ. ಮುಂದಿನ ವಾರ ಅವರ ಮಂದಿ ನೋಡಾಕ ಬರ್ತಾರ."

"ಕೂಸು ಎಲ್ಲದ?"

"ಊರಿಗೆ ಹೋಗ್ಯದ. ತಾಯಿ ಬಂದು ಕರಕೊಂಡು ಹೋದಳು."

"ಆರಾಮ ಅದಾಳಾ?"

"ಭಾಳ ಸುಧಾರಿಸ್ಯಾಳ." ಅವನ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

ಮಹಾನಂದಾ ತಲೆಯಾಡಿಸಿದಳು. ಸತ್ತ ಮಗುವಿನ ಸುಧಾರಣೆಯ ಬಗ್ಗೆ ಅವಳು ಇನ್ನೇನನ್ನೂ ಕೇಳಲಿಲ್ಲ. ಕೇಳಿದರೆ ಅವನು ಎಚ್ಚರಾಗುತ್ತಿದ್ದ.

"ಭಾಗ್ಯ ತಾಂಡೂರಿಗಿ ಯಾಕ ಹೋಗಿದ್ಲು?"

"ಅದೇ ನನಗೂ ತಿಳೀವಲ್ದು. ಅಲ್ಲಿ ನಮ್ಮ ಕೆಲಸನೇ ಇಲ್ಲ. ಇತ್ತಿತ್ತಲಾಗ ಆಕಿ ಮನಸ್ಸು ಸರಿ ಇರಲಿಲ್ರಿ. ಒಬ್ಬಾಕೇ ಕುಂತು ಅಳಾಕಿ. ನಾನು ಮಾತಾಡಸಬೇಕಿತ್ತು. ಮಾತಾಡಸಲಿಲ್ಲ. ಅದೇ ನನ್ನ ತಪ್ಪು." ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಆ ಕಣ್ಣೀರು ನಾಟಕ ಎನ್ನಿಸಲಿಲ್ಲ. ಅದು ಅವಳನ್ನು ಇನ್ನಷ್ಟು ಕಾಡಿತು.

ಹೊರಡುವಾಗ ಅವಳು ಪಕ್ಕದ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಗೋಡೆಯುದ್ದಕ್ಕೂ ಮೊಳೆ ಹೊಡೆದು ಸಣ್ಣ, ದೊಡ್ಡ ಕ್ಯಾಲಿಪರುಗಳನ್ನು ಅಳತೆಯ ಪ್ರಕಾರ ತೂಗುಹಾಕಿದ್ದರು. ಒಂದೊಂದರದ್ದೂ ನಾಲ್ಕೂ ಪಟ್ಟಿ ಬಕಲ್ ಹಾಕಿದ್ದವು.

"ಭಾಳ ಶಿಸ್ತು ಅದ," ಎಂದಳು.

"ನಾನೇ ಹಚ್ಚಿಡ್ತೀನಿ," ಎಂದ ಜೈಪಾಲ. "ಪಟ್ಟಿ ಜೋತಾಡಿದ್ರ ನನಗ ಸೇರಾಂಗಿಲ್ಲ."

*

ಒಂದು ಅಭ್ಯಾಸದ ಮೇಲೆ ಯಾರನ್ನೂ ಹಿಡಿಯಲಾಗದು. ಭಾಗ್ಯ ತಾಂಡೂರಿಗೆ ಹೋದದ್ದು ಯಾಕೆ, ಅದು ಯಾರಿಗೆ ಗೊತ್ತಿತ್ತು, ಎರಡಕ್ಕೂ ಉತ್ತರ ಬೇಕಿತ್ತು. ನಾರಾಯಣಖೇಡ, ಆಮೇಲೆ ಕಂಗ್ಟಿ ದಾಟಿ ಶಿವಲಕ್ಷ್ಮಿಯ ಊರು ಮುಟ್ಟುವಾಗ ಎರಡು ಗಂಟೆಯ ಬಿಸಿಲು.

ಮಗುವಿನ ತಾಯಿ ಪೀರಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮೂವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಗೋಡೆಗೆ ಒರಗಿಸಿಟ್ಟದ್ದು ಫೋಟೋದಲ್ಲಿದ್ದ ಅದೇ ಮರದ ಕುರ್ಚಿ. ಅದರ ಮೇಲೆ ಮಡಿಚಿಟ್ಟ ಕೌದಿ. ಧೂಳಿರಲಿಲ್ಲ.

"ಶಿವಲಕ್ಷ್ಮಿ ಎಲ್ಲದಾಳ, ಪೀರಮ್ಮ?"

ಪೊಲೀಸ್ ಬಟ್ಟೆ ನೋಡಿ ಎದ್ದವಳು ಹಾಗೆಯೇ ನಿಂತಳು. "ಜಹೀರಾಬಾದಿನ್ಯಾಗ್ರಿ. ಕೇಂದ್ರದಾಗ."

"ನಾ ಅಲ್ಲಿಂದಾನೇ ಬಂದೀನಿ. ಅಲ್ಲಿ ಊರಿಗಿ ಹೋಗ್ಯಾಳ ಅಂದ್ರು."

ಮೊರದ ಅಂಚಿನಿಂದ ಒಂದಿಷ್ಟು ಕಾಳು ನೆಲಕ್ಕೆ ಸುರಿಯಿತು. ಪೀರಮ್ಮ ಕೂತು ಒಂದೊಂದೇ ಹೆಕ್ಕತೊಡಗಿದಳು.

"ಭಾಗ್ಯ ಸತ್ತದ್ದು ಗೊತ್ತಾ ನಿನಗ?"

"ಮುಂಜಾನಿ ಗೊತ್ತಾತ್ರಿ."

"ಹಾಂಗಾದ್ರ ಖರೆ ಹೇಳು. ಕೂಸು ಸತ್ತು ಮೂರು ತಿಂಗಳಾತು. ಭಾಗ್ಯ ಕೂಸಿನ ಹೆಸರಲೆ ಕಾಗದ ಬರದಾಳ. ಜೈಪಾಲ ದಾನಿಗಳಿಗಿ ಕಳಸ್ಯಾನ. ನಿನಗ ಗೊತ್ತಿತ್ತು. ನೀ ಯಾಕ ಸುಮ್ಮನಿದ್ದಿ? ನಿನಗೇನು ಕೊಟ್ರು?"

ಪೀರಮ್ಮ ಆಗ ತಲೆ ಎತ್ತಿದಳು. ಆ ಮುಖ ನೋಡಿದೊಡನೆ ತಾನು ತಪ್ಪು ಪ್ರಶ್ನೆ ಕೇಳಿದೆನೆಂದು ಮಹಾನಂದಾಳಿಗೆ ಗೊತ್ತಾಯಿತು.

"ಕೊಡಾದೇನ್ರಿ. ನಾನೇ ಕೈ ಮುಗದು ಬರಸಿದೆ."

"ಯಾಕ?"

"ಅವರಿಗಿ ಗೊತ್ತಿಲ್ರಿ."

"ಯಾರಿಗಿ?"

"ಕೂಸಿನ ಅಪ್ಪಗ."

ಮಹಾನಂದಾ ನಿಧಾನವಾಗಿ ಅವಳ ಎದುರು ನೆಲದ ಮೇಲೆ ಕೂತಳು.

ದೀಪಾವಳಿ ಮುಗಿದ ಮೇಲೆ ಯಂಕಪ್ಪ ಕುರಿ ಹೊಡೆದುಕೊಂಡು ತಾಂಡೂರಿನ ಕಡೆ ಹೋಗುವವನು. ತೊಗರಿ ಕೊಯ್ದ ಹೊಲಗಳಲ್ಲಿ ಕುರಿ ನಿಲ್ಲಿಸಿ, ಹೊಲದಿಂದ ಹೊಲಕ್ಕೆ ಸಾಗುತ್ತ, ಮುಂಗಾರು ಬಿದ್ದಾಗಲೇ ತಿರುಗಿ ಬರುವುದು. ಈ ಸಲ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಎರಡು ವರ್ಷದಿಂದ, ಊರಲ್ಲಿದ್ದಷ್ಟು ದಿನ, ವಾರಕ್ಕೆರಡು ಸಲ ಮಗಳನ್ನು ಹೆಗಲ ಮೇಲೆ ಹೊತ್ತು ಬಸ್ಸಿನವರೆಗೆ ನಡೆದು ಕೇಂದ್ರಕ್ಕೆ ಒಯ್ಯುತ್ತಿದ್ದವನು ಅವನೇ.

"ಕೂಸಿನ ಕತ್ತು ನಿಂದ್ರಾಕತ್ತದ, ಇಂಥಾದ್ರಾಗ ಬಿಟ್ಟು ಹೋಗಲೇನು ಅಂದ್ರು. ನಾನೇ ಕಳಸಿದೆ. ನೀವು ಹೋಗ್ರಿ, ನಾ ನೋಡಕೋತೀನಿ ಅಂದೆ." ಪೀರಮ್ಮ ಮೊರವನ್ನು ಪಕ್ಕಕ್ಕಿಟ್ಟಳು. "ಪುಷ್ಯದ ಥಂಡಿಗಿ ಎದಿ ಕಟ್ತು. ಮೂರೇ ದಿನ. ಅವರ ಫೋನು ಹತ್ತಲೇ ಇಲ್ಲ. ಮಣ್ಣು ಮಾಡಿದ್ವಿ. ಮರುದಿನ ಅವರೇ ಫೋನ್ ಮಾಡಿದ್ರು. ಕುರಿ ಜವಳಿ ಮರಿ ಈದದ, ಒಂದಕ್ಕ ಕೂಸಿನ ಹೆಸರೇ ಇಟ್ಟೀನಿ ಅಂತ ನಕ್ಕೋತ ಹೇಳಿದ್ರು. ಕೂಸು ಹ್ಯಾಂಗದ ಅಂತ ಕೇಳಿದ್ರು."

"ಏನಂದಿ?"

"ಛಲೋ ಅದ ಅಂದೆ."

ಹೊರಗೆ ಜೀಪಿನ ಹತ್ತಿರ ಬಂಡೆಪ್ಪ ಕೆಮ್ಮಿದ ಸದ್ದು ಕೇಳಿಸಿತು.

"ಒಂದು ಮಾತು ಬಾಯಾಗಿಂದ ಬಂದು ಹೋತ್ರಿ. ನಾಳಿ ಹೇಳಿದ್ರಾತು ಅಂದೆ. ನಾಳಿ ಅವರು ಮತ್ತ ನಕ್ಕೋತ ಮಾತಾಡಿದ್ರು. ಕೂಸಿನ ದನಿ ಕೇಳಸು ಅಂದ್ರು. ಜಹೀರಾಬಾದ್ ಕೇಂದ್ರದಾಗ ಇಟ್ಟಾರ, ನಡಿಯಾದು ಕಲಸ್ತಾರ ಅಂದೆ. ಊರ ಮಂದಿಗಿ ನಾನೇ ಹೇಳ್ತೀನಿ, ನೀವ್ ಯಾರೂ ಹೇಳಬ್ಯಾಡ್ರಿ ಅಂತ ಕೈ ಮುಗದೆ. ಭಾಗ್ಯಕ್ಕ ಮೊದಲು ಬೈದಳು. ಆಮ್ಯಾಲ ಜೈಪಾಲ ಸಾಹೇಬ್ರು ಆಕಿಗಿ ಅಂದ್ರಂತ, ಕಾಗದ ಮೊದಲಿನಂಗ ಬರಿ, ಇಲ್ದಿದ್ರ ಉಳದ ಮಕ್ಕಳು ಬೀದಿಗಿ ಬೀಳ್ತಾರ ಅಂತ. ಆಕಿ ಬರದು ಅವರಿಗಿ ಕೊಡಾಕಿ. ಅದನ್ನೇ ಫೋನಿನ್ಯಾಗ ನಮ್ಮವರಿಗಿ ಓದಾಕಿ. ಮೊದಲು ನಾಕ ಹೆಜ್ಜಿ. ಆಮ್ಯಾಲ ಏಳು."

ಅವಳು ನೆಲದ ಮೇಲೆ ಉಳಿದಿದ್ದ ಒಂದು ಕಾಳು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು.

"ಆಕಿ ಓದ್ವಾಗ ನಾನೂ ಕೇಳತಿದ್ದೆರಿ. ಕೇಳೋ ತನಕ ಕೂಸು ಇರ್ತಿತ್ತು. ಎಲ್ಲೋ ಒಂದ್ಕಡಿ ಕಂಬಿ ಹಿಡಕೊಂಡು ನಿಂತಂಗ."

ಮಹಾನಂದಾ ಇಪ್ಪತ್ತು ವರ್ಷದ ನೌಕರಿಯಲ್ಲಿ ನೂರಾರು ಸುಳ್ಳು ಬಿಡಿಸಿದ್ದಳು. ಈ ಸುಳ್ಳನ್ನು ಎಲ್ಲಿ ಹಿಡಿದು ಎಳೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಆದರೆ ಶವಾಗಾರದಲ್ಲಿ ಇನ್ನೊಬ್ಬಳು ಮಲಗಿದ್ದಳು.

"ಭಾಗ್ಯ ನಿನ್ನ ಕೂಡ ಕಡೀಕ ಯಾವಾಗ ಮಾತಾಡಿದ್ಲು?"

"ಬೇಸ್ತವಾರ. ಇಲ್ಲೇ ಬಂದಿದ್ಲು." ಪೀರಮ್ಮ ಹೊಸ್ತಿಲ ಕಡೆ ಕೈ ತೋರಿಸಿದಳು. "ಅಕ್ಕ, ಇನ್ನ ನನ್ನ ಕೈಲಿ ಆಗಾಂಗಿಲ್ಲ ಅಂದ್ಲು. ಈ ಸಲ ಹನ್ನೊಂದು ಹೆಜ್ಜಿ ಬರದೀನಿ, ಬರದು ವಾಂತಿ ಮಾಡಕೊಂಡೀನಿ ಅಂದ್ಲು. ದಾನಿಗಳ ಮಂದಿ ಬಂದಾಗ ಖರೆ ಹೇಳ್ತೀನಿ. ಅದಕ್ಕಿಂತ ಮೊದಲು ಕೂಸಿನ ಅಪ್ಪಗ ಹೇಳಬೇಕು. ಬ್ಯಾರೆಯವರ ಬಾಯಿಲೆ ಅಂವಗ ಗೊತ್ತಾಗಬಾರದು. ನಾಳಿ ತಾಂಡೂರಿಗಿ ಹೋಗಿ ಎದುರಿಗಿ ಕುಂತು ಹೇಳ್ತೀನಿ ಅಂದ್ಲು."

ತಾಂಡೂರು. ಭಾಗ್ಯ ಅಲ್ಲಿಗೆ ಯಾಕೆ ಹೋದಳೆಂಬುದು ಈಗ ಗೊತ್ತಾಯಿತು.

"ನೀ ಏನ್ ಮಾಡಿದಿ?"

"ಕಾಲು ಹಿಡಕೊಂಡೆ. ಕೇಳಲಿಲ್ಲ. ಬೈದೆ. ಕುಂಟಿ, ನಿನಗ ಮಕ್ಕಳಿಲ್ಲ, ನಿನಗೇನ್ ಗೊತ್ತಾಗ್ತದ ಅಂದೆ." ಪೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹಾಂಗ ಅಂದೀನ್ರಿ ನಾನು. ಆಕಿಗಿ."

"ಆಮ್ಯಾಲ?"

ಪೀರಮ್ಮ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು.

"ಪೀರಮ್ಮ. ಆಮ್ಯಾಲ ಯಾರಿಗಿ ಹೇಳಿದಿ?"

"ಸಾಹೇಬ್ರಿಗಿ ಫೋನ್ ಮಾಡಿದೆ. ಜೈಪಾಲ ಸಾಹೇಬ್ರಿಗಿ. ಭಾಗ್ಯಕ್ಕ ನಾಳಿ ತಾಂಡೂರಿಗಿ ಹೊಂಟಾಳ, ಹ್ಯಾಂಗರ ಮಾಡಿ ತಡೀರಿ ಅಂತ ಅಂದೆ. ನೀ ಫಿಕರ್ ಮಾಡಬ್ಯಾಡ, ನಾ ನೋಡಕೋತೀನಿ ಅಂದ್ರು."

ಅದೇ ನನಗೂ ತಿಳೀವಲ್ದು ಎಂದಿದ್ದ ಜೈಪಾಲ, ಕಣ್ಣು ಒರೆಸಿಕೊಳ್ಳುತ್ತ.

ಪೀರಮ್ಮ ಮಹಾನಂದಾಳ ಮುಖವನ್ನೇ ನೋಡುತ್ತಿದ್ದಳು. ಮುಂಜಾನೆಯಿಂದ ತನ್ನಷ್ಟಕ್ಕೆ ತಾನು ಕೇಳಿಕೊಳ್ಳುತ್ತಿದ್ದುದನ್ನು ಈಗ ಬಾಯಿಬಿಟ್ಟು ಕೇಳಿದಳು. "ನಾ ಫೋನ್ ಮಾಡದಿದ್ರ ಆಕಿ ಬದುಕಿರತಿದ್ಲೇನ್ರಿ?"

ಅಷ್ಟರಲ್ಲಿ ಕುರ್ಚಿಯ ಕೌದಿಯ ಮೇಲಿದ್ದ ಸಣ್ಣ ಫೋನು ಬಡಿದುಕೊಂಡಿತು.

ಪೀರಮ್ಮ ನೋಡಿ ಬಿಳಿಚಿಕೊಂಡಳು. "ಅವರು. ಸೋಮವಾರಕ್ಕೊಮ್ಮೆ ಮಾಡ್ತಾರ."

"ಎತ್ತು. ಸ್ಪೀಕರ್ ಹಾಕು. ನಾ ಇಲ್ಲಿರೋದು ಹೇಳಬ್ಯಾಡ."

"ಪೀರೀ, ಕೇಳಸಾಕತ್ತದಾ?" ಗಂಡಸಿನ ದನಿಯ ತುಂಬ ಗಾಳಿ, ಲಾರಿಗಳ ಸದ್ದು, ಸಂತೋಷ. "ನಾ ಕುರಿ ನಮ್ಮ ಜೋಡಿ ಕುರಿ ಕಾಯೋ ಬಾಲರಾಜಗ ಒಪ್ಪಸಿ ಬಂದೀನಿ. ಇವತ್ತು ಕೂಸಿನ್ನ ನೋಡೇ ಬಿಡ್ತೀನಿ."

"ಎಲ್ಲದೀರಿ?"

"ಕೇಳು ಮೊದಲು. ಶುಕ್ರವಾರ ಟೀಚರಮ್ಮ ಹಟ್ಟಿಗಿ ಬಂದಿದ್ಲು. ಆ ಕಾಲು ಎಳಕೋತ, ಹೆಂಟಿ ತುಂಬಿದ ಹೊಲದಾಗ. ಏನೋ ಹೇಳಬೇಕು ಅಣ್ಣ ಅಂತ ಭಾಳ ಹೊತ್ತು ಕುಂತಳು. ಕಣ್ಣಾಗ ನೀರು ಹಾಕಳಾಕತ್ತಳು. ನಾ ಹೆದರಿ ಬಿಟ್ಟೆ. ಕೂಸಿನ ಹೆಸರಿಟ್ಟ ಮರಿ ತಂದು ಆಕಿ ತೊಡಿ ಮ್ಯಾಲ ಇಟ್ಟೆ. ಅದನ್ನ ಸವರಕೋತ ಸವರಕೋತ ಕಡೀಕ ಚೀಲದಾಗಿಂದ ಕಾಗದ ತಗದು ಓದಿದಳು. ಹನ್ನೊಂದು ಹೆಜ್ಜಿ ಹಾಕ್ಯಾಳಂತ ಪೀರಿ. ಹನ್ನೊಂದು."

ಪೀರಮ್ಮ ಕಣ್ಣು ಮುಚ್ಚಿದಳು. ಅಷ್ಟು ದೂರ ಹೋಗಿಯೂ ಭಾಗ್ಯ ಹೇಳಿರಲಿಲ್ಲ. ಹೇಳಲಾಗಿರಲಿಲ್ಲ.

ಮಹಾನಂದಾ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. ಪೀರಮ್ಮ ಅದನ್ನೇ ಕೇಳಿದಳು. "ಟೀಚರಮ್ಮ ವಾಪಸ್ ಹ್ಯಾಂಗ ಹೋದಳು?"

"ಸಾಹೇಬ್ರು ಜೀಪ್ ತಗೊಂಡು ಬಂದಿದ್ರಲ್ಲ. ಅವರೇ ಕರಕೊಂಡು ಹೋದ್ರು. ಭಾಳ ಛಲೋ ಮನಷಾ. ಈಗೂ ಅವರ ಜೀಪಿನ್ಯಾಗೇ ಕುಂತೀನಿ."

ಮಹಾನಂದಾಳ ಕೈ ಪೀರಮ್ಮನ ತೋಳನ್ನು ಬಿಗಿಯಾಗಿ ಹಿಡಿಯಿತು.

"ಮಧ್ಯಾಹ್ನ ಕೇಂದ್ರದ ಬಾಗಲಿಗಿ ಹೋದೆ. ಸಾಹೇಬ್ರೇ 'ಕೂಸಿನ್ನ ಬ್ಯಾರೆ ದವಾಖಾನಿಗಿ ಸೇರಿಸೀವಿ, ನಡಿ ತೋರಸ್ತೀನಿ' ಅಂದ್ರು. ಈಗ ಡೀಸೆಲ್ ಹಾಕಸಾಕ ಇಳದಾರ. ಕೂಸಿಗಿ ಹೊಸಾ ಲಂಗ ತಂದೀನಿ. ಹಳದಿದು. ಉದ್ದ ಆಗ್ತದೇನೋ, ನಿಂತಾಗ ನೋಡಬೇಕು."

"ಯಾವ ದಾರಿಗಿ ಅದೀರಿ?"

"ತಾಂಡೂರ್ ರಸ್ತಾನೇ ಅನಸತದ. ಪರ್ಸಿ ಲಾರಿ ಒಂದರ ಹಿಂದ ಒಂದು ಹೊಂಟಾವ."

ಮಹಾನಂದಾ ಬಾಗಿಲಿಗೆ ಹೋಗಿ ಬಂಡೆಪ್ಪನಿಗೆ ಸನ್ನೆ ಮಾಡಿದಳು. ಅವನು ವೈರ್‌ಲೆಸ್ಸಿಗೆ ಓಡಿದ. ಜಹೀರಾಬಾದಿನಿಂದ ಯಾರಾದರೂ ಆ ಜೀಪು ಮುಟ್ಟಲು ಅರ್ಧ ಗಂಟೆಯಾದರೂ ಬೇಕು. ಜೈಪಾಲ ತಿರುಗಿ ಬರಲು ಎರಡು ನಿಮಿಷವೂ ಬೇಡ. ತಾನು ಫೋನು ತೆಗೆದುಕೊಂಡು ಪೊಲೀಸ್ ಎಂದರೆ ಯಂಕಪ್ಪ ಗಾಬರಿಯಿಂದ ಮೊದಲು ಕೂಗುವುದು ಸಾಹೇಬರನ್ನೇ.

"ಇಳೀಲಿ ಅನ್ನು," ಎಂದು ತುಟಿ ಅಲ್ಲಾಡಿಸಿದಳು.

"ನೀವು ಇಳೀರಿ," ಎಂದಳು ಪೀರಮ್ಮ. "ಈಗಿಂದೀಗ ಜೀಪಿನಿಂದ ಇಳದು ಮಂದ್ಯಾಗ ಹೋಗಿ ನಿಂದ್ರಿ. ಮನಿಗಿ ಬರ್ರಿ."

"ಹುಚ್ಚಿದೀಯೇನು? ಐದು ತಿಂಗಳಾತು ಮಾರಿ ನೋಡಿ. ಕೂಸಿನ್ನ ನೋಡದ ಹ್ಯಾಂಗ ಇಳೀಲಿ?"

"ನನ್ನ ಆಣಿ. ಇಳೀರಿ."

"ಸಾಹೇಬ್ರು ಬರಾಕತ್ತಾರ. ಇಡ್ತೀನಿ. ಕೂಸಿನ ಕೈಯಾಗೇ ಫೋನ್ ಕೊಡ್ತೀನಿ ತಡಿ."

ಪೀರಮ್ಮ ಮಹಾನಂದಾಳ ಕಡೆ ನೋಡಿದಳು. ಬೇರೆ ಏನಾದರೂ ಇದೆಯೇ ಎಂದು ಕೇಳುವ ನೋಟ. ಬೇರೆ ಏನೂ ಇರಲಿಲ್ಲ. ಮಗಳು ಕಾಯುತ್ತಿದ್ದಾಳೆ ಎಂದು ನಂಬಿದ ಅಪ್ಪನನ್ನು ಆ ಜೀಪಿನಿಂದ ಇಳಿಸಬಲ್ಲ ಮಾತು ಒಂದೇ ಇತ್ತು. ಅದನ್ನು ಆಡಬೇಕಾದವಳೂ ಒಬ್ಬಳೇ.

ಪೀರಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೂಸು ಇಲ್ರಿ."

"ದವಾಖಾನ್ಯಾಗ ಇಲ್ಲಾ? ಮತ್ತ ಎಲ್ಲದ?"

"ಎಲ್ಲೂ ಇಲ್ಲ." ಅವಳ ದನಿ ಅಚ್ಚರಿಯಾಗುವಷ್ಟು ಮೆತ್ತಗಿತ್ತು. "ನೀವು ಜವಳಿ ಈದದ ಅಂತ ಫೋನ್ ಮಾಡಿದ ಹಿಂದಿನ ದಿನಾನೇ ಹೋತ್ರಿ. ನನ್ನ ತೊಡಿ ಮ್ಯಾಲೇ ಹೋತು. ನಿಮ್ಮನ್ನ ಕರೀತು. ನಿಮಗ ಹೇಳಾಕ ನನಗ ಬಾಯಿ ಬರಲಿಲ್ಲ. ಅವರು ನಿಮಗ ತೋರಸಾಕ ಕೂಸಿಲ್ಲ. ಇಳೀರಿ. ನೀವರ ಉಳೀರಿ."

ಆ ಕಡೆ ಲಾರಿಯೊಂದು ಹಾರ್ನ್ ಹೊಡೆಯುತ್ತ ದಾಟಿಹೋಯಿತು. ಉಸಿರು ಎಳೆದುಕೊಳ್ಳುವ ಸದ್ದು, ಒಂದು ಸಲ, ಇನ್ನೊಂದು ಸಲ. ಆಮೇಲೆ ಬಾಗಿಲು ಧಡ್ ಎಂದು ಹಾಕಿದ ಸದ್ದು. ಅದು ಒಬ್ಬರು ಇಳಿದದ್ದೋ ಇನ್ನೊಬ್ಬರು ಹತ್ತಿದ್ದೋ ತಿಳಿಯಲಿಲ್ಲ.

"ಏನ್ರೀ," ಎಂದಳು ಪೀರಮ್ಮ. "ಏನ್ರೀ, ಇಳದ್ರೇನ್ರಿ?"

ಇಂಜಿನ್ ಚಾಲೂ ಆಯಿತು.

ಫೋನಿನಲ್ಲಿ ಈಗ ಕೇಳಿಸಿದ್ದು ಯಂಕಪ್ಪನ ದನಿಯಾಗಿರಲಿಲ್ಲ. ಸ್ವಲ್ಪವೂ ಅವಸರವಿಲ್ಲದ, ಬೇಸರಗೊಂಡ, ಮಹಾನಂದಾ ಬೆಳಿಗ್ಗೆಯಷ್ಟೇ ಕೇಳಿದ್ದ ದನಿ.

"ಯಾಕ ಹೇಳಿದಿ, ಪೀರಮ್ಮ?"